ಯಾರೂ ಸಾಯದ ಪತ್ರಿಕೆ

ನನ್ನ ಮನೆಗೆ ದಿನವೂ ಬೆಳಿಗ್ಗೆ ಐದು ಗಂಟೆಗೆ ಬರುವ ಪತ್ರಿಕೆಯಲ್ಲಿ ಯಾರೂ ಸಾಯುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಂತ್ರಿಗಳು ಸಾಯುತ್ತಾರೆ, ನಟರು ಸಾಯುತ್ತಾರೆ, ಬಸ್ಸು ಉರುಳಿ ಹನ್ನೊಂದು ಜನ ಸಾಯುತ್ತಾರೆ. ಆದರೆ ಕಲ್ಯಾಣದಲ್ಲಿ ಮೂವತ್ತು ವರ್ಷ ಕ್ಯಾಂಟೀನು ನಡೆಸಿದ ಒಬ್ಬರು, ಘನ್ಸೋಲಿಯಲ್ಲಿ ಮಗಳ ಮನೆಯಲ್ಲಿದ್ದ ಒಬ್ಬ ಅಜ್ಜಿ, ಇಂಥವರು ಯಾರೂ ಸಾಯುವುದಿಲ್ಲ. ಏಕೆಂದರೆ ನಮ್ಮಂಥವರು ಸತ್ತರೆ ಅದು ಸುದ್ದಿಯಲ್ಲ, ಜಾಹೀರಾತು. ನನ್ನ ಪತ್ರಿಕೆ ಬರುವುದು ಓದುವ ಯಂತ್ರದಲ್ಲಿ. ಅದರಲ್ಲಿ ಜಾಹೀರಾತು ಇರುವುದಿಲ್ಲ. ಚಂದಾ ಮಾಡಿಸುವಾಗ ಇದನ್ನು ಒಂದು ದೊಡ್ಡ ಸೌಕರ್ಯ ಎಂದು ಬರೆದಿದ್ದರು. ನಾನೂ ಹಾಗೆಯೇ ತಿಳಿದುಕೊಂಡೆ. ಆ ತಿಳುವಳಿಕೆಯಿಂದ ಆದದ್ದನ್ನು ಹೇಳಿಕೊಳ್ಳಲು ಕುಳಿತಿದ್ದೇನೆ. ನಾನು ಓದಿದ್ದು ಹತ್ತನೇ ತರಗತಿಯವರೆಗೆ, ಅದೂ ರಾತ್ರಿ ಶಾಲೆಯಲ್ಲಿ. ಬರಹ ಅಲ್ಲಲ್ಲಿ ಎಡವಿದರೆ ನೀವು ದಾಟಿಕೊಂಡು ಮುಂದೆ ಹೋಗಿ.

ಠಾಣೆಯ ನೌಪಾಡಾದ ಒಂದು ಹೋಟೆಲಿನ ಗಲ್ಲಾದಲ್ಲಿ ನಾನು ಮೂವತ್ತೊಂದು ವರ್ಷ ಕುಳಿತವನು. ಮನೆ ಡೊಂಬಿವಲಿ ಪೂರ್ವದಲ್ಲಿ. ಬೆಳಿಗ್ಗೆ ಸ್ಟೇಷನ್ನಿನ ಹೊರಗೆ ಕನ್ನಡ ಪತ್ರಿಕೆ ಕೊಂಡು, ಲೋಕಲ್ಲಿನಲ್ಲಿ ಯಾರದೋ ಬೆನ್ನಿನ ಮೇಲೆ ಇಟ್ಟುಕೊಂಡು ಮೊದಲ ಪುಟ ಓದುತ್ತಿದ್ದೆ. ಹೋಟೆಲು ತಲುಪಿದ ಮೇಲೆ ಅದು ಸಾರ್ವಜನಿಕರದು. ಇಡ್ಲಿ ತಿನ್ನುವವನಿಗೆ ಒಂದು ಹಾಳೆ, ಚಹಾ ಕುಡಿಯುವವನಿಗೆ ಒಂದು ಹಾಳೆ. ಸಂಜೆ ಎಲ್ಲವನ್ನೂ ಒಟ್ಟು ಮಾಡಿ, ಸಾಂಬಾರಿನ ಕಲೆ ಸಮೇತ, ಮನೆಗೆ ತರುತ್ತಿದ್ದೆ. ನನ್ನ ಹೆಂಡತಿ ಸುಮತಿಗೆ ಪತ್ರಿಕೆ ಎಂದರೆ ಸಂಜೆ ಬರುವ, ಸಾಂಬಾರಿನ ವಾಸನೆ ಇರುವ ವಸ್ತು. ಅವಳು ಕೈಯೊರಸಿಕೊಂಡು ಬಂದು ನೇರವಾಗಿ ನಿಧನದ ಪುಟ ತೆರೆಯುತ್ತಿದ್ದಳು. ಪ್ರಧಾನಿ ಬದಲಾದ ದಿನವೂ ಹಾಗೆಯೇ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಗಟ್ಟಿಯಾಗಿ ಓದುವಳು. "ಕಲ್ವಾದ ಶೇಖರಣ್ಣ ಹೋದರಂತೆ. ಫೋಟೋ ನೋಡಿ, ಮದುವೆ ಕಾಲದ್ದು ಹಾಕಿದ್ದಾರೆ. ಹೀಗೆ ಹಾಕಿದರೆ ಗುರುತು ಸಿಗುವುದು ಹೇಗೆ? ಅವರ ಹೆಂಡತಿಗೇ ಸಿಕ್ಕಲಿಕ್ಕಿಲ್ಲ."

ನನಗೆ ಇದು ಕಿರಿಕಿರಿ. ದಿನವಿಡೀ ಚಿಲ್ಲರೆ ಕೊಟ್ಟು ಬಂದವನಿಗೆ ಸಂಜೆ ಸತ್ತವರ ಹೆಸರು ಕೇಳುವ ಉತ್ಸಾಹ ಇರುವುದಿಲ್ಲ. ಆದರೆ ಅವಳ ಲೆಕ್ಕಾಚಾರ ಬೇರೆ ಇತ್ತು. ಊರಿನಿಂದ ಬಂದ ನಮ್ಮವರು ಅಂಬರನಾಥದಿಂದ ನವಿ ಮುಂಬಯಿವರೆಗೆ ಚೆಲ್ಲಿಹೋಗಿದ್ದಾರೆ. ಮದುವೆಗಾದರೆ ಕಾಗದ ಬರುತ್ತದೆ, ನಾಮಕರಣಕ್ಕಾದರೆ ಫೋನು ಬರುತ್ತದೆ. ಸಾವಿಗೆ ಯಾರೂ ಕರೆಯುವುದಿಲ್ಲ. ಪತ್ರಿಕೆಯಲ್ಲಿ ಹಾಕಿ, ಹದಿಮೂರನೆಯ ದಿನದ ಜಾಗ, ಸಮಯ ತಿಳಿಸಿ, ಇದನ್ನೇ ಖುದ್ದು ಆಮಂತ್ರಣ ಎಂದು ಭಾವಿಸಿ ಎಂದು ಕೆಳಗೊಂದು ಸಾಲು ಸೇರಿಸುತ್ತಾರೆ. ಓದಿದವರು ಹೋಗಬೇಕು. "ಕರೆಯದೆ ಹೋಗುವ ಜಾಗ ಅದೊಂದೇ," ಎನ್ನುತ್ತಿದ್ದಳು. "ಅಲ್ಲಿಗೂ ಹೋಗದಿದ್ದರೆ ನಾವು ಯಾರಿಗೆ ಏನು?" ಅವಳು ಹೋಗುತ್ತಿದ್ದಳು. ಎರಡು ಲೋಕಲ್ ಬದಲಿಸಿ, ಒಂದು ರಿಕ್ಷಾ ಹಿಡಿದು, ಅರ್ಧ ಗುರುತಿನವರ ಹದಿಮೂರಕ್ಕೂ ಹೋಗಿ ಊಟ ಮಾಡಿ ಬರುತ್ತಿದ್ದಳು. ಪಾಯಸ ಹೇಗಿತ್ತು ಎಂದು ಮಾತ್ರ ನಾನು ಕೇಳುತ್ತಿದ್ದೆ.

ನನಗೆ ನಿವೃತ್ತಿಯಾದಾಗ ಮಗಳು ದೀಪಾ ಈ ಯಂತ್ರ ತಂದಳು. ಅವಳಿಗೆ ವಾಶಿಯಲ್ಲಿ ಕೆಲಸ, ಮನೆಯೂ ಅಲ್ಲೇ. ಕನ್ನಡ ತಿಳಿಯುತ್ತದೆ, ಓದಲು ಬಾರದು. "ಪಪ್ಪಾ, ಅಬ್ ಸ್ಟೇಷನ್ ತಕ್ ಯಾಕೆ ಹೋಗ್ಬೇಕು? ಪೇಪರ್ ಖುದ್ ಮನೆಗೆ ಬರತ್ತೆ. ಅಕ್ಷರ ದೊಡ್ಡದು ಕೂಡ ಆಗತ್ತೆ," ಎಂದು ಚಂದಾವನ್ನೂ ಮಾಡಿಸಿದಳು. ನಿಜವಾಗಿ ಒಳ್ಳೆಯ ವಸ್ತು. ಶಾಲೆಯ ಸ್ಲೇಟಿನಷ್ಟು ದೊಡ್ಡದು, ಕಣ್ಣಿಗೆ ಚುಚ್ಚುವ ಬೆಳಕಿಲ್ಲ, ಜೋರುಮಳೆಗೆ ಲೋಕಲ್ ನಿಂತರೂ ಪತ್ರಿಕೆ ತಪ್ಪುವುದಿಲ್ಲ. ಅಕ್ಷರ ಎಷ್ಟು ದೊಡ್ಡದಾಗುತ್ತದೆ ಎಂದರೆ ಮುಖ್ಯಮಂತ್ರಿಯ ಹೆಸರು ಒಂದು ಪುಟದಲ್ಲಿ, ಅವರು ಹೇಳಿದ್ದು ಮುಂದಿನ ಪುಟದಲ್ಲಿ. ಇನ್ನೆಷ್ಟು ಓದಲು ಉಳಿದಿದೆ ಎಂದು ಕೆಳಗೆ ನಿಮಿಷಗಳಲ್ಲಿ ತೋರಿಸುತ್ತದೆ. ನಾನು ನಿಧಾನವಾಗಿ ಓದುವವನು ಎಂದು ಅದಕ್ಕೆ ಎರಡೇ ದಿನದಲ್ಲಿ ಗೊತ್ತಾಗಿ ನಿಮಿಷ ಹೆಚ್ಚಿಸಿಕೊಂಡಿತು. ಗಲ್ಲಾದಲ್ಲಿ ಮಾಲೀಕರಿಗೆ ಅದು ಗೊತ್ತಾಗಲು ವರ್ಷಗಳೇ ಬೇಕಾಗಿದ್ದವು.

ಸುಮತಿ ಅದನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಪುಟ ಸರಿಸುವುದನ್ನು ಹೇಳಿಕೊಟ್ಟೆ. ಕೊನೆಯವರೆಗೂ ಸರಿಸಿ, ಮತ್ತೆ ಮೊದಲಿಗೆ ಬಂದು, ಮತ್ತೆ ಕೊನೆಗೆ ಹೋದಳು.

"ಇದರಲ್ಲಿ ಯಾರೂ ಸಾಯುವುದಿಲ್ಲವಾ?" ಎಂದು ಕೇಳಿದಳು.

"ಜಾಹೀರಾತು ಬರುವುದಿಲ್ಲ. ಶುದ್ಧ ಸುದ್ದಿ ಮಾತ್ರ," ಎಂದೆ, ಯಂತ್ರವನ್ನು ನಾನೇ ತಯಾರಿಸಿದವನ ಹಾಗೆ.

ಅವಳು ಅದನ್ನು ನನ್ನ ಕೈಗೆ ವಾಪಸು ಕೊಟ್ಟಳು. ಮರುದಿನದಿಂದ ಮಧ್ಯಾಹ್ನ ನಾಲ್ಕಕ್ಕೆ ಎದುರು ಬಿಲ್ಡಿಂಗಿನ ಸರೋಜಕ್ಕನ ಮನೆಗೆ ಹೋಗತೊಡಗಿದಳು. ಅವರ ಮನೆಗೆ ಕಾಗದದ ಪತ್ರಿಕೆ ಬರುತ್ತಿತ್ತು. ಕುಳಿತುಕೊಳ್ಳಿ ಎಂದರೂ ಕೂರದೆ, ನಿಂತಲ್ಲೇ ಒಂದು ಪುಟ ಓದಿ ಬರುವಳು. ಪತ್ರಿಕೆ ಬರುವ ಮನೆಯ ಹೆಂಗಸು ಪತ್ರಿಕೆ ಓದಲು ಇನ್ನೊಂದು ಮನೆಗೆ ಹೋಗುವುದು ನನಗೆ ಅವಮಾನ ಅನ್ನಿಸಿತು. ಅದಕ್ಕೆ ಮದ್ದು ಒಂದು ಕಾಗದದ ಪತ್ರಿಕೆ ತರಿಸುವುದು ಎಂದು ಮಾತ್ರ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಸುಳ್ಳು. ಹೊಳೆದರೆ ಸೋತಂತೆ ಆಗುತ್ತಿತ್ತು.

ಒಂದು ದಿನ ಡೊಂಬಿವಲಿ ಮಾರ್ಕೆಟಿನಲ್ಲಿ, ನನ್ನ ಜೊತೆ ಹೋಟೆಲಿನಲ್ಲಿದ್ದ ವಾಸುವಿನ ತಮ್ಮ ಸಿಕ್ಕ. ಇಬ್ಬರದೂ ದಿವಾದಲ್ಲಿ ಮನೆ. "ಅಣ್ಣ ಹೇಗಿದ್ದಾನೆ?" ಎಂದೆ. ಅವನು ಕೊತ್ತಂಬರಿ ಕಟ್ಟನ್ನು ನೋಡುತ್ತಾ, "ಅಣ್ಣ ಹೋಗಿ ನಾಲ್ಕು ತಿಂಗಳಾಯ್ತು. ಪೇಪರಿನಲ್ಲಿ ಹಾಕಿದ್ದೆವಲ್ಲ. ನೀವು ಬರಲಿಲ್ಲ," ಎಂದ. ನಾನು ಪೇಪರು ಯಂತ್ರದಲ್ಲಿ ಓದುತ್ತೇನೆ ಎಂದು ವಿವರಿಸಲು ಹೋದೆ. ಜಗತ್ತಿನಲ್ಲಿ ಇಷ್ಟು ಕೆಟ್ಟ ಕಾರಣವನ್ನು ಯಾರೂ ಯಾರಿಗೂ ಹೇಳಿರಲಿಕ್ಕಿಲ್ಲ. ಮನೆಗೆ ಬಂದು ಸುಮತಿಗೆ ಹೇಳಿದರೆ ಅವಳು, "ನನಗೆ ಗೊತ್ತಿತ್ತು. ನಾನು ಹೋಗಿ ಬಂದೆ. ನಿಮಗೆ ಹೇಳಿದ್ದೆ ಕೂಡ. ಸ್ಲೇಟು ನೋಡುತ್ತಾ ಹೂಂ ಅಂದಿರಿ," ಎಂದಳು.

ಅವಳ ಎದೆಯಲ್ಲಿ ನೀರು ತುಂಬಿ ಕಲ್ಯಾಣದ ಆಸ್ಪತ್ರೆಗೆ ಸೇರಿಸಿದ್ದು ಕಳೆದ ವರ್ಷ. ಒಂಬತ್ತು ದಿನ ಇದ್ದಳು. ಹಗಲು ನಾನು, ಕೆಲಸ ಮುಗಿಸಿ ಬಂದ ಮೇಲೆ ದೀಪಾ. ಹೊತ್ತು ಹೋಗಲೆಂದು ಯಂತ್ರವನ್ನು ತೆಗೆದುಕೊಂಡು ಹೋಗಿ ಅವಳಿಗೆ ಸುದ್ದಿ ಓದಿ ಹೇಳುತ್ತಿದ್ದೆ. ಅಣೆಕಟ್ಟು, ಬಜೆಟ್ಟು, ಕ್ರಿಕೆಟ್ಟು. ಎರಡನೆಯ ದಿನ ಆಮ್ಲಜನಕದ ಕೊಳವೆಯನ್ನು ಸ್ವಲ್ಪ ಸರಿಸಿಕೊಂಡು ಕೇಳಿದಳು. "ಯಾರಾದರೂ ಹೋದರಾ?"

ಅಲ್ಲಿ ಸರೋಜಕ್ಕನ ಮನೆಯಿಲ್ಲ. ಸ್ಟೇಷನ್ನಿಗೆ ಹೋಗಿ ಒಂದು ಪತ್ರಿಕೆ ತರಬಹುದಿತ್ತು, ಹತ್ತು ನಿಮಿಷದ ದಾರಿ. ಹತ್ತು ನಿಮಿಷ ಅವಳನ್ನು ಬಿಟ್ಟು ಹೋಗಲು ಧೈರ್ಯ ಬರಲಿಲ್ಲ. ಇಲ್ಲ ಎಂದು ಹೇಳಿದರೆ ಅವಳು ಗೋಡೆಯ ಕಡೆ ತಿರುಗುತ್ತಾಳೆ. ಆದ್ದರಿಂದ ಒಬ್ಬರನ್ನು ಸಾಯಿಸಿದೆ. "ಈಗ ಇದರಲ್ಲೂ ಹಾಕುತ್ತಾರೆ. ಭಿವಂಡಿಯ ಕೂಸಪ್ಪ, ಎಂಬತ್ತೊಂದು ವರ್ಷ," ಎಂದು ಯಂತ್ರವನ್ನು ನೋಡುತ್ತಲೇ ಓದಿದೆ. ಅಲ್ಲಿ ಇದ್ದದ್ದು ಈರುಳ್ಳಿ ಧಾರಣೆ.

"ಯಾವ ಊರಿನವರು?" ಎಂದಳು. ಕಾಪು ಎಂದೆ. ಮಕ್ಕಳೆಷ್ಟು, ಅಳಿಯಂದಿರು ಎಲ್ಲಿದ್ದಾರೆ, ಹೋಟೆಲಾ ಕಂಪನಿಯಾ, ಎಲ್ಲಾ ಕೇಳಿದಳು. ಗಲ್ಲಾದಲ್ಲಿ ಕುಳಿತವನಿಗೆ ಗಿರಾಕಿಗೆ ಉತ್ತರ ಹುಟ್ಟಿಸುವ ಅಭ್ಯಾಸ ಇರುತ್ತದೆ. ಅವಳ ಮುಖಕ್ಕೆ ಸ್ವಲ್ಪ ಬಣ್ಣ ಬಂತು. "ಪಾಪ, ತುಂಬು ಬಾಳು," ಎಂದು ಗಂಜಿ ಎರಡು ಚಮಚ ಹೆಚ್ಚು ಕುಡಿದಳು. ಮರುದಿನ ಬರುವ ದಾರಿಯಲ್ಲಿ ಕಾಗದದ ಪತ್ರಿಕೆ ಕೊಳ್ಳಬಹುದಿತ್ತು, ಆದರೆ ಅದರಲ್ಲಿ ಕೂಸಪ್ಪ ಇಲ್ಲದ್ದು ಅವಳಿಗೆ ತಿಳಿಯುತ್ತಿತ್ತು. ಮರುದಿನ ಐರೋಲಿಯಲ್ಲಿ ಒಬ್ಬರು, ಅದರ ಮರುದಿನ ಉಲ್ಲಾಸನಗರದಲ್ಲಿ ಇಬ್ಬರು. ಪಕ್ಕದ ಹಾಸಿಗೆಯ ಮರಾಠಿ ಹೆಂಗಸಿಗೂ ಇದರ ರುಚಿ ಹತ್ತಿತು. ನಾನು ಯಂತ್ರ ತೆಗೆದ ಕೂಡಲೇ, "ಕಾಕಾ, ಆಜ್ ಕೋಣ್ ಗೇಲಂ?" ಎಂದು, ಇವತ್ತು ಯಾರು ಹೋದರು ಎಂದು ಕೇಳುತ್ತಿದ್ದಳು. ಸುಮತಿ ಅವಳಿಗೆ ಮರಾಠಿಯಲ್ಲಿ ಹೇಳುವಳು. ಇಬ್ಬರೂ ಸೇರಿ ನನ್ನ ಸತ್ತವರಿಗಾಗಿ ಚುಚ್ ಚುಚ್ ಎನ್ನುತ್ತಿದ್ದರು. ನನಗೆ ಒಂದು ಬಗೆಯ ಹೆಮ್ಮೆಯೂ ಇತ್ತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ ಗೊತ್ತಿಲ್ಲ.

ಏಳನೆಯ ದಿನ ಹೆಸರುಗಳು ಮುಗಿದುಹೋಗಿದ್ದವು. ಹೆಂಗಸರು ಯಾರೂ ಸತ್ತಿಲ್ಲವಲ್ಲ ಎಂದು ಅವಳೇ ಹೇಳಿದ್ದಳು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಅಂಬರನಾಥದ ಗಿರಿಜಾ, ಎಪ್ಪತ್ತೆಂಟು ವರ್ಷ." ಸುಳ್ಳಿಗೂ ಸರಕು ನೆನಪಿನಿಂದಲೇ ಬರಬೇಕಲ್ಲ. ಹೇಳಿದ ಮೇಲೆ ಎಲ್ಲಿಂದ ಬಂತೆಂದು ನನಗೂ ತಿಳಿಯಿತು.

ಸುಮತಿ ತಲೆ ಎತ್ತಿದಳು. "ಶಿವ ದೇವಸ್ಥಾನದ ಕಡೆಯ ನಮ್ಮ ಗಿರಿಜಕ್ಕನಾ?"

ಮದುವೆಯಾಗಿ ಬಂದಾಗ ನಾವು ಅಂಬರನಾಥದಲ್ಲಿ ಒಂದು ಕೋಣೆಯಲ್ಲಿದ್ದೆವು. ಪಕ್ಕದ ಕೋಣೆ ಗಿರಿಜಕ್ಕನದು. ಅವರ ಗಂಡನಿಗೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ. ಇಪ್ಪತ್ತರ ಸುಮತಿಗೆ ನಳದ ಸಾಲಿನಲ್ಲಿ ಕೊಡ ಇಡುವುದನ್ನು, ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಮೊಣಕೈ ಬಳಸುವುದನ್ನು, ಮರಾಠಿಯಲ್ಲಿ ಬೈಯುವುದನ್ನು ಕಲಿಸಿದವರು ಅವರು. ಅವರಿಬ್ಬರು ಮಾತು ಬಿಟ್ಟು ಹದಿನೆಂಟು ವರ್ಷವಾಗಿತ್ತು. ಕಾರಣ ಗಿರಿಜಕ್ಕನ ಮಗನ ಮದುವೆ. ನಮ್ಮಲ್ಲಿ ಮದುವೆ ಕಾಗದವನ್ನು ಮನೆಗೆ ಬಂದು, ಕುಂಕುಮ ಹಚ್ಚಿ ಕೊಡಬೇಕು. ಗಿರಿಜಕ್ಕ ಅದನ್ನು ಹೋಟೆಲಿನ ಗಲ್ಲಾದಲ್ಲಿ ನನ್ನ ಕೈಗೆ ಕೊಟ್ಟರು, ಅದೂ ಮದುವೆಯ ಹಿಂದಿನ ದಿನ ಎಂದು ಸುಮತಿ ತಿಳಿದಿದ್ದಳು. ನಿಜ ಹೀಗಿದೆ. ಗಿರಿಜಕ್ಕ ಬಂದದ್ದು ಮದುವೆಗೆ ಹದಿನೈದು ದಿನ ಮೊದಲು. ಡೊಂಬಿವಲಿಗೆ ಹೋಗಿ ಅವಳಿಗೇ ಕೊಡುತ್ತೇನೆ ಎಂದವರನ್ನು, "ಎಂತಕ್ಕೆ ಗಿರಿಜಕ್ಕ, ಈ ರಶ್ಶಿನಲ್ಲಿ? ನಾನು ಕೊಡುತ್ತೇನೆ," ಎಂದು ತಡೆದವನು ನಾನು. ಕಾಗದವನ್ನು ಡ್ರಾವರಿನಲ್ಲಿ ಟೋಕನ್ನುಗಳ ಕೆಳಗೆ ಇಟ್ಟು ಮರೆತೆ. ನೆನಪಾದದ್ದು ಮದುವೆಯ ಹಿಂದಿನ ದಿನ. ಮನೆಯಲ್ಲಿ, "ಇವತ್ತು ಕೊಟ್ಟು ಹೋದರು," ಎಂದೆ. ಒಂದು ವಾಕ್ಯ. ಅದರ ಮೇಲೆ ಹದಿನೆಂಟು ವರ್ಷ ನಿಂತಿತು.

ಈಗ ಆಸ್ಪತ್ರೆಯಲ್ಲಿ ಸುಮತಿ ಕೇಳುತ್ತಿದ್ದಾಳೆ, ನಮ್ಮ ಗಿರಿಜಕ್ಕನಾ ಎಂದು. ಅಲ್ಲ, ಬೇರೆ ಯಾರೋ ಎನ್ನಬಹುದಿತ್ತು. ಆಗ ಅವಳು, ಹಾಗಾದರೆ ಒಮ್ಮೆ ಫೋನು ಮಾಡಿ ಕೊಡಿ ಎನ್ನುತ್ತಿದ್ದಳು. ಇಬ್ಬರೂ ಮಾತಾಡುತ್ತಿದ್ದರು. ಮಾತಾಡಿದರೆ ಕಾಗದದ ತಾರೀಖು ಹೊರಗೆ ಬರುತ್ತಿತ್ತು. ಅಷ್ಟನ್ನೂ ನಾನು ಒಂದು ಉಸಿರಿನೊಳಗೆ ಲೆಕ್ಕ ಹಾಕಿದೆ. ಹಾಕಿ, "ಹೂಂ," ಎಂದೆ.

ಅವಳು ಅತ್ತಳು. ಶಬ್ದ ಮಾಡುವಷ್ಟು ಉಸಿರು ಇರಲಿಲ್ಲ. "ಎಂಥ ಸಣ್ಣ ವಿಷಯಕ್ಕೆ ಸಿಟ್ಟು ಹಿಡಿದು ಕೂತೆ ನಾನು," ಎಂದಳು. "ಅವರಾಗಿ ಬರಲಿ ಎಂದು ನಾನು, ನಾನಾಗಿ ಹೋಗಲಿ ಎಂದು ಅವರು." ಕಣ್ಣೊರಸಿಕೊಂಡು, "ಹದಿಮೂರಕ್ಕೆ ನನ್ನಿಂದ ಆಗಲಿಕ್ಕಿಲ್ಲ. ನೀವು ಹೋಗಿ ಬನ್ನಿ. ನಾನು ಬರುವವಳಿದ್ದೆ ಎಂದು ಹೇಳಿ. ಮರೆಯಬೇಡಿ," ಎಂದಳು. ಮರೆಯುವುದಿಲ್ಲ ಎಂದು ಅವಳ ಕೈ ಹಿಡಿದು ಹೇಳಿದೆ. ನಾನು ಯಂತ್ರವನ್ನು ಚೀಲಕ್ಕೆ ಹಾಕಿದೆ. ನಾಳೆ ಹೇಳಿಬಿಡೋಣ ಎಂದುಕೊಂಡೆ. ಮರುದಿನ ಅವಳಿಗೆ ಮಾತು ಸರಿಯಾಗಿ ಹೊರಡಲಿಲ್ಲ. ಅದರ ಮರುದಿನ ಹೋದಳು.

ಜಾಹೀರಾತನ್ನು ನಾನೇ ಬರೆದೆ. ಅಷ್ಟು ದಿನ ಅಭ್ಯಾಸ ಮಾಡಿದ್ದೆನಲ್ಲ. ಫೋಟೋವನ್ನು ದೀಪಾ ಆರಿಸಿದಳು, ಈಚಿನದು, ಗುರುತು ಸಿಗುವಂಥದು. ಮರುದಿನ ಬೆಳಿಗ್ಗೆ ಎದ್ದು, ಕೈ ತಾನಾಗಿ ಯಂತ್ರಕ್ಕೆ ಹೋಗಿ, ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ಇಲ್ಲ. ಎರಡು ಸಲ ಹುಡುಕಿದೆ. ಮೋಸ ಮಾಡಿದರು ಎಂದು ಜಾಹೀರಾತಿನ ಏಜೆಂಟನಿಗೆ ಫೋನು ಮಾಡಲು ಹೊರಟವನಿಗೆ ಅರ್ಧ ನಂಬರು ಒತ್ತಿದಾಗ ನೆನಪಾಯಿತು. ಓದಲು ಉಳಿದದ್ದು ಮೂವತ್ತೆಂಟು ನಿಮಿಷ ಎಂದು ಯಂತ್ರ ತೋರಿಸುತ್ತಿತ್ತು. ಅದನ್ನು ಅಲ್ಲೇ ಬಿಟ್ಟು ಚಪ್ಪಲಿ ಹಾಕಿಕೊಂಡು ಸ್ಟೇಷನ್ನಿಗೆ ನಡೆದೆ. ಕಾಗದದ ಪತ್ರಿಕೆಯಲ್ಲಿ ಅವಳಿದ್ದಳು.

ಹದಿಮೂರನೆಯ ದಿನ ಡೊಂಬಿವಲಿಯ ಒಂದು ಸಣ್ಣ ಸಭಾಗೃಹದಲ್ಲಿ. ನಾನು ಫೋನು ಮಾಡಿ ತಿಳಿಸಿದ್ದು ಇಪ್ಪತ್ತು ಮಂದಿಗೆ. ಬಂದವರು ಅದರ ಎಂಟರಷ್ಟು. ನನಗೆ ಗುರುತೇ ಇಲ್ಲದ ಮುಖಗಳು. ಪನವೇಲಿನಿಂದ ಮುದುಕರೊಬ್ಬರು ಬಂದು, "ನನ್ನ ಹೆಂಡತಿಯದಕ್ಕೆ ನಿಮ್ಮವರು ಬಂದಿದ್ದರು," ಎಂದಷ್ಟೇ ಹೇಳಿ ಕುಳಿತರು. ವಾಸುವಿನ ತಮ್ಮನೂ ಬಂದಿದ್ದ. ನನ್ನ ಹತ್ತಿರ ಬರಲಿಲ್ಲ, ಅವಳ ಫೋಟೋದ ಹತ್ತಿರ ಹೋಗಿ ಕೈಮುಗಿದು ನಿಂತ. ಬಡಿಸುವವರಿಗೆ ಅನ್ನ ಸಾಲದೆ ಮತ್ತೆ ಬೇಯಿಸಬೇಕಾಯಿತು.

ಮೊದಲ ಪಂಕ್ತಿ ಏಳುವ ಹೊತ್ತಿಗೆ ಬಾಗಿಲಿನಲ್ಲಿ ಗಿರಿಜಕ್ಕ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ನೇರವಾಗಿಯೇ ಇತ್ತು. ನಾನು ಸಾಯಿಸಿದವರಲ್ಲಿ ನಿಜವಾಗಿ ಇದ್ದವರು ಅವರೊಬ್ಬರೇ, ಅವರೂ ನಡೆದುಕೊಂಡು ಬಂದರು. ನಾನು ಸಿಕ್ಕಿದ ಕುರ್ಚಿಯಲ್ಲಿ ಕುಳಿತುಬಿಟ್ಟದ್ದನ್ನು ಜನ ದುಃಖ ಎಂದುಕೊಂಡರು.

"ಪೇಪರಿನಲ್ಲಿ ನೋಡಿದೆ," ಎಂದರು. ಫೋಟೋದ ಮುಂದೆ ತುಂಬ ಹೊತ್ತು ನಿಂತು, ಆಮೇಲೆ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. "ಒಂದು ಕೇಳುತ್ತೇನೆ, ಬೇಜಾರು ಮಾಡಬೇಡ. ಅವಳು ನನ್ನನ್ನು ಒಂದು ಸಲವಾದರೂ ನೆನೆಸಿದಳಾ?"

"ನೆನೆಸಿದಳು. ಅತ್ತಳು."

"ಅಳುವುದು ಎಂತಕ್ಕೆ? ನಾನೇನು ಸತ್ತಿದ್ದೆನಾ?"

"ಹೌದು," ಎಂದೆ.

ಬೇರೆ ಉತ್ತರ ಹುಟ್ಟಲಿಲ್ಲ. ಎಲ್ಲವನ್ನೂ ಹೇಳಿದೆ. ಯಂತ್ರ, ಭಿವಂಡಿಯ ಕೂಸಪ್ಪ, ಏಳನೆಯ ದಿನ, ಆಮೇಲೆ ಡ್ರಾವರು, ಟೋಕನ್ನುಗಳ ಕೆಳಗಿನ ಕಾಗದ. ಅವರು ಮಡಿಲಿನ ಚೀಲದ ಹಿಡಿಯನ್ನು ತಿರುಗಿಸುತ್ತಾ ಕೇಳಿದರು.

"ಅಂಬರನಾಥದಿಂದ ಕಲ್ಯಾಣಕ್ಕೆ ಎಷ್ಟು ಹೊತ್ತು?" ಎಂದರು ಕೊನೆಗೆ.

"ಹದಿನೈದು, ಇಪ್ಪತ್ತು ನಿಮಿಷ."

"ಹಾಂ," ಎಂದರು. ಬೈದಿದ್ದರೆ, ಮರಾಠಿಯಲ್ಲಾದರೂ ಸರಿ, ಆ ಹಾಂ ಇಷ್ಟು ದಿನ ನನ್ನ ಕಿವಿಯಲ್ಲಿ ಉಳಿಯುತ್ತಿರಲಿಲ್ಲ.

ಊಟಕ್ಕೆ ಎಬ್ಬಿಸಲು ದೀಪಾ ಬಂದಳು. "ಆಂಟಿ, ಚಲಾ ನಾ, ಊಟ ಮಾಡಿ." ಗಿರಿಜಕ್ಕ ಅವಳ ಗಲ್ಲ ಹಿಡಿದು ನೋಡಿ, ಸುಮತಿಯ ಮೂಗು ಎಂದರು. ಏಳುವಾಗ ನನ್ನನ್ನು ಕೇಳಿದರು. "ಎಷ್ಟು ಪ್ರಾಯ ಹಾಕಿದ್ದಿ ನನಗೆ?"

"ಎಪ್ಪತ್ತೆಂಟು."

"ನಾಲ್ಕು ಜಾಸ್ತಿ ಹಾಕಿದ್ದಿ. ಮತ್ತೆ ಆ ಕಾಗದ, ನೀನು ಅದನ್ನು ಡ್ರಾವರಿಗೆ ಹಾಕಿದ್ದು ನೋಡಿಯೇ ನನಗೆ ಅನುಮಾನ ಬಂದಿತ್ತು. ಮನೆಗೆ ಹೋಗಿ ಬರಬೇಕಿತ್ತು. ನನಗೂ ಉದಾಸೀನವಾಯ್ತು. ಎಲ್ಲವನ್ನೂ ನೀನೊಬ್ಬನೇ ಹೊತ್ತುಕೊಳ್ಳಬೇಡ, ಅಷ್ಟು ದೊಡ್ಡ ಜನ ಅಲ್ಲ ನೀನು." ಎರಡು ಹೆಜ್ಜೆ ಹೋಗಿ ತಿರುಗಿದರು. "ನನ್ನ ಹದಿಮೂರಕ್ಕೆ ಬರುತ್ತೇನೆ ಎಂದು ಅವಳ ಕೈ ಹಿಡಿದು ಹೇಳಿದ್ದೀಯಲ್ಲ. ಬರಬೇಕು. ಪೇಪರು ತೆಗೆದುಕೋ. ಆ ಸ್ಲೇಟಿನಲ್ಲಿ ನಾನು ಬರುವುದಿಲ್ಲ."

ಅವತ್ತಿನಿಂದ ದಿನವೂ ಸ್ಟೇಷನ್ನಿಗೆ ಹೋಗಿ ಕಾಗದದ ಪತ್ರಿಕೆ ತರುತ್ತೇನೆ. ಯಂತ್ರದ ಚಂದಾ ಮುಗಿಯುವವರೆಗೆ ಅದೂ ಬರುತ್ತಿರುತ್ತದೆ, ಬರಲಿ. ಮನೆಗೆ ಬಂದು ನೇರವಾಗಿ ನಿಧನದ ಪುಟ ತೆರೆಯುತ್ತೇನೆ. ಗಟ್ಟಿಯಾಗಿ ಓದಲು ಬಾಯಿ ಬರುವುದಿಲ್ಲ. ಎಂಟು ಗಂಟೆಗೆ ಗಿರಿಜಕ್ಕನ ಫೋನು. "ನೋಡಿದಿಯಾ? ಉಂಟಾ ನಾನು?" ಇಲ್ಲ ಎನ್ನುತ್ತೇನೆ. "ಸರಿ, ಹಾಗಾದರೆ ಚಹಾ ಮಾಡಿಕೊಳ್ಳುತ್ತೇನೆ," ಎಂದು ಇಡುತ್ತಾರೆ. ಅವರಿಗೂ ಪತ್ರಿಕೆ ಬರುತ್ತದೆ, ಇದು ಬರಿಯ ಹಾಜರಿ ತೆಗೆದುಕೊಳ್ಳುವುದು. ಶುರುವಿನಲ್ಲಿ ಇದನ್ನು ಶಿಕ್ಷೆ ಎಂದುಕೊಂಡಿದ್ದೆ. ಈಗ ಎಂಟಕ್ಕೆ ಐದು ನಿಮಿಷ ಇರುವಾಗಲೇ ಫೋನಿನ ಹತ್ತಿರ ಕೂರುತ್ತೇನೆ.

ಹೋದ ತಿಂಗಳು ಸಕ್ಕರೆ ಏರಿ, ತಲೆ ಸುತ್ತಿ, ಎರಡು ದಿನ ದೀಪಾಳ ಮನೆಯಲ್ಲಿ ಮಲಗಿದ್ದೆ. ಫೋನು ಡೊಂಬಿವಲಿಯಲ್ಲೇ ಉಳಿದಿತ್ತು. ವಾಪಸು ಬಂದವನು ಮೊದಲು ಗಿರಿಜಕ್ಕನಿಗೆ ಫೋನು ಮಾಡಿದೆ.

"ಇದ್ದೀಯಾ?" ಎಂದರು. "ಎರಡು ದಿನ ನೀನು ಎತ್ತಲಿಲ್ಲ. ನಾನು ಪೇಪರಿನಲ್ಲಿ ಹುಡುಕಿದೆ. ನಿನ್ನೆ ನಿನ್ನ ಹೆಸರಿನವನೇ ಒಬ್ಬ ಇದ್ದ, ಬದಲಾಪುರದವನು. ಹದಿಮೂರಕ್ಕೆಂದು ಬ್ಲೌಸು ಇಸ್ತ್ರಿಗೂ ಕೊಟ್ಟೆ. ಆಮೇಲೆ ಕನ್ನಡಕ ಹಾಕಿ ಓದಿದರೆ, ಒಳ್ಳೆಯ ಗಂಡ, ಮಾತಿಗೆ ತಪ್ಪದವರು ಎಂದೆಲ್ಲ ಬರೆದಿದ್ದರು. ನೀನಲ್ಲ ಎಂದು ಆಗ ಗೊತ್ತಾಯ್ತು."

ಹೌದು, ನಾನಲ್ಲ, ಎಂದೆ. ಬದುಕಿದ್ದೇನೆ ಎಂದು ಹೇಳುವಾಗ, ಕ್ಷಮೆ ಕೇಳುವವನ ದನಿಯೇ ಬಂತು.